ಸೇತುವೆಯ ಕೆಳಗಿನ ಮೂವತ್ತೊಂದು ಜನ

ಒಂದು ಚಿತ್ರದಿಂದ ಮೂವತ್ತೊಂದು ಜನರನ್ನು ಅಳಿಸಿ ಹಾಕಲು ನನಗೆ ನಾಲ್ಕು ದಿನ ಬೇಕಾಯಿತು. ಅಳಿಸಿದ್ದು ನಾನೇ, ನನ್ನ ಕೈಯಿಂದಲೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಬೇರೆಯವರ ಮೇಲೆ ಹರಿಹಾಯುವುದನ್ನು ಓದಿ ನನ್ನನ್ನು ಯಾರೂ ದೊಡ್ಡ ನ್ಯಾಯವಂತೆ ಎಂದು ತಿಳಿಯಬಾರದು.

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಪ್ರಿಂಟಿಂಗ್ ಕಂಪನಿಯಲ್ಲಿ ಹದಿನೇಳು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಗೋಡೆಯಷ್ಟು ದೊಡ್ಡ ಚಿತ್ರಗಳನ್ನು ಮುದ್ರಿಸುವ ವಿಭಾಗ. ಮುದ್ರಣಕ್ಕೆ ಹೋಗುವ ಮೊದಲು ಕಂಪ್ಯೂಟರಿನಲ್ಲಿ ಬಣ್ಣ ಸರಿಪಡಿಸುವುದು, ಕಲೆ ತೆಗೆಯುವುದು, ಹರಿದದ್ದನ್ನು ಕೂಡಿಸುವುದು ನನ್ನ ಕೆಲಸ. ಮನೆ ದುಬೈಯಲ್ಲೇ, ಊದ್ ಮೇಥಾದಲ್ಲಿ. ಮಗಳು ಅಲ್ಲೇ ಹತ್ತಿರದ ಶಾಲೆಯಲ್ಲಿ ಹನ್ನೊಂದನೆಯ ತರಗತಿ ಓದುತ್ತಾಳೆ. ಗಂಡನಿಗೆ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಒಂದು ಅಂಗಡಿಯಲ್ಲಿ ಕೆಲಸ, ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಆ ಚಳಿಗಾಲದಲ್ಲಿ ಅಮ್ಮನೂ ನಮ್ಮ ಜೊತೆ ಇದ್ದಳು, ವಿಸಿಟ್ ವೀಸಾದಲ್ಲಿ.

ಈ ಕೆಲಸ ಬಂದದ್ದು ಅಬುಧಾಬಿಯ ಒಂದು ಸರಕು ಸಾಗಣೆ ಕಂಪನಿಯಿಂದ. ಅವರ ಹೊಸ ಆಫೀಸಿನಲ್ಲಿ ಲಿಫ್ಟಿನಿಂದ ಮೀಟಿಂಗ್ ರೂಮಿನವರೆಗೆ ಉದ್ದನೆಯ ಒಂದು ಓಣಿ. ಅದರ ಎರಡು ಬದಿಗೂ ಸೇರಿ ಹನ್ನೆರಡು ಚಿತ್ರಗಳು ಬೇಕಿದ್ದವು. ವಿಷಯ, ಪ್ರಗತಿ. ಆರಿಸಿದವಳು ಒಳಾಂಗಣ ವಿನ್ಯಾಸದ ಒಬ್ಬ ಸಲಹೆಗಾರ್ತಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದಲ್ಲೂ ಇಂಗ್ಲೆಂಡಿನಲ್ಲೂ ಸಾಮಾನ್ಯರ ಮನೆಗಳಿಗಾಗಿ ಅಚ್ಚು ಹಾಕುತ್ತಿದ್ದ ಅಗ್ಗದ ಬಣ್ಣದ ಚಿತ್ರಗಳು ಅವು. ನಮ್ಮ ಕಡೆ ಅಂಗಡಿಯವರು ಕೊಡುವ ಕ್ಯಾಲೆಂಡರಿನಿಂದ ದೇವರ ಚಿತ್ರ ಕತ್ತರಿಸಿ, ಗಾಜು ಹಾಕಿಸಿ ಗೋಡೆಗೆ ತೂಗುಹಾಕುತ್ತೇವಲ್ಲ, ಹಾಗೆ ಅವರು ಇವನ್ನು ತೂಗುಹಾಕುತ್ತಿದ್ದರಂತೆ. ಇವುಗಳಲ್ಲಿ ದೇವರ ಜಾಗದಲ್ಲಿ ದೇಶ ಇತ್ತು. ಬಾವುಟ ಕಟ್ಟಿಕೊಂಡ ರೈಲು ಎಂಜಿನ್ನು. ಬಯಲಿನ ಆಚೆ ಕೊನೆಯವರೆಗೂ ಸಾಲು ಹಿಡಿದು ನಡೆಯುವ ತಂತಿ ಕಂಬಗಳು. ಕಬ್ಬಿಣದ ಹಡಗು. ಹೊಗೆ ಉಗುಳುವ ಕಾರ್ಖಾನೆಯನ್ನಂತೂ ದೇವಸ್ಥಾನದ ಗೋಪುರ ಬರೆಯುವಷ್ಟು ಭಕ್ತಿಯಿಂದ ಬರೆದಿದ್ದರು.

ಸುಳ್ಳೇಕೆ ಹೇಳಲಿ, ಮೊದಲ ವಾರ ನನಗೆ ಆ ಚಿತ್ರಗಳ ಮೇಲೆ ಮೋಹವೇ ಹುಟ್ಟಿತ್ತು. ಅವು ಕಲ್ಲಚ್ಚಿನವು. ನುಣುಪು ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆದು, ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಮಾಡಿ, ಅದೇ ಕಾಗದವನ್ನು ಮತ್ತೆ ಮತ್ತೆ ಒತ್ತಿ ತೆಗೆಯುತ್ತಿದ್ದರು. ಸ್ಕ್ಯಾನನ್ನು ದೊಡ್ಡದು ಮಾಡಿ ನೋಡಿದರೆ ಎಂಜಿನ್ನಿನ ಹೊಗೆಯೊಂದರಲ್ಲೇ ನೀಲಿ, ಹಳದಿ, ತಿಳಿಗೆಂಪು ಚುಕ್ಕೆಗಳು ಗುಂಪುಗುಂಪಾಗಿ ಕೂತಿರುತ್ತಿದ್ದವು. ಯಾರೋ ಬೆನ್ನು ಬಗ್ಗಿಸಿ ಕೂತು ಇಟ್ಟ ಚುಕ್ಕೆಗಳು. ನನ್ನದೂ ಅದೇ ಕಸುಬು. ನೂರೈವತ್ತು ವರ್ಷದ ಹಿಂದಿನ ಆ ಕೈಯನ್ನು ನನಗೆ ಗುರುತು ಹಿಡಿಯಲು ಬರುತ್ತಿತ್ತು. ಇಲ್ಲಿ ಅವನಿಗೆ ಸುಸ್ತಾಗಿದೆ, ಇಲ್ಲಿ ಬೇರೆಯವನು ಬಂದು ಕೂತಿದ್ದಾನೆ ಎಂದು ಹೇಳಬಲ್ಲವಳಾಗಿದ್ದೆ.

ಹನ್ನೆರಡರಲ್ಲಿ ಒಂದು ನಮ್ಮ ದೇಶದ್ದು. ಘಾಟಿಯೊಂದರ ಕಣಿವೆಗೆ ಅಡ್ಡಲಾಗಿ ಕಟ್ಟಿದ ಎತ್ತರದ ಕಲ್ಲಿನ ಸೇತುವೆ, ಅದರ ಮೇಲೆ ಮೊದಲ ರೈಲು, ಎಂಜಿನ್ನಿನ ಮೂತಿಗೆ ಬ್ರಿಟಿಷರ ಬಾವುಟ. ಇಂಗ್ಲೆಂಡಿನಲ್ಲಿ ಅಚ್ಚಾದದ್ದು. ನೋಡಿ, ನಮ್ಮವರು ಎಂಥ ಕಾಡಿನಲ್ಲಿ ಎಂಥದ್ದನ್ನು ಕಟ್ಟಿದ್ದಾರೆ ಎಂದು ಅಲ್ಲಿನ ಮಂದಿ ಎದೆಯುಬ್ಬಿಸಿಕೊಳ್ಳಲು ಮಾಡಿದ್ದು. ಆದರೆ ಬರೆದವನು ಸೇತುವೆಯ ಬುಡದಲ್ಲಿ, ಕಂಬಗಳ ನಡುವೆ, ಕೆಲಸದವರನ್ನೂ ಬರೆದಿದ್ದ. ಕಲ್ಲು ಹೊರುವ ಗಂಡಸರು, ಮಣ್ಣು ಹೊರುವ ಹೆಂಗಸರು, ಒಂದು ಬಂಡೆಯ ಮೇಲೆ ಮಲಗಿದ ಒಬ್ಬ ಮುದುಕ. ಕೂದಲೆಳೆಯ ಗೆರೆಗಳಲ್ಲಿ, ಬೆರಳಿನ ಉಗುರಿಗಿಂತ ಚಿಕ್ಕವರು. ಎಲ್ಲರಿಗಿಂತ ಮುಂದೆ ಒಬ್ಬಳು ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಬುಟ್ಟಿ ಇಟ್ಟುಕೊಂಡು, ಮುಖ ಈಚೆ ತಿರುಗಿಸಿ, ಚಿತ್ರ ನೋಡುವವರನ್ನೇ ನೋಡುತ್ತಿದ್ದಳು. ಒಟ್ಟು ಎಷ್ಟು ಜನ ಎಂದು ನಾನು ಎಣಿಸಿದ್ದು ಆಮೇಲೆ.

ಸಲಹೆಗಾರ್ತಿಯ ಮೇಲ್ ಬಂದದ್ದು ಎರಡನೆಯ ವಾರ. ನಾಲ್ಕು ಸಾಲು. ಘಾಟಿಯ ಚಿತ್ರದ ಮುಂಭಾಗ ಗಿಜಿಗಿಜಿ ಎನ್ನುತ್ತಿದೆ, ಕ್ಲೀನ್ ಮಾಡಿ. ಅಮೆರಿಕದ ಬಯಲಿನ ರೈಲಿನ ಚಿತ್ರದ ಎಡಮೂಲೆಯಲ್ಲಿ ಓಡಿ ಹೋಗುತ್ತಿರುವ, ತಲೆಗೆ ಗರಿ ಕಟ್ಟಿದ ಜನರನ್ನೂ ತೆಗೆಯಿರಿ, ಅತಿಥಿಗಳಿಗೆ ಮುಜುಗರವಾಗಬಾರದು. ಕಾಡೆಮ್ಮೆಗಳು ಇರಲಿ.

ಕಾಡೆಮ್ಮೆಗಳು ಇರಲಿ! ಆ ಮಾತನ್ನು ನಾನು ಮೂರು ಸಲ ಓದಿದೆ.

ನಮ್ಮ ಮ್ಯಾನೇಜರ್ ಕರಾವಳಿಯವರೇ, ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು. ಕಷ್ಟದಲ್ಲಿ ನನಗೆ ಎಷ್ಟೋ ಸಲ ಒದಗಿಬಂದಿದ್ದಾರೆ, ಕೆಟ್ಟ ಮನುಷ್ಯರಲ್ಲ. ಮೇಲನ್ನು ಹಿಡಿದುಕೊಂಡು ಅವರ ಕ್ಯಾಬಿನ್ನಿಗೆ ಹೋದೆ.

"ಸರ್, ಇದು ಕಲೆ ತೆಗೆಯುವ ಹಾಗಲ್ಲ. ಇವರು ಚಿತ್ರದ ಒಳಗೇ ಇರುವವರು," ಎಂದೆ.

"ಗೊತ್ತುಂಟು ಮಾರಾಯ್ತಿ. ಕ್ಲೈಂಟಿಗೆ ಬೇಡ ಅಂತೆ. ಬೇಡ ಅಂದ ಮೇಲೆ ಖಲಾಸ್."

"ಬೇಡದಿದ್ದರೆ ಬೇರೆ ಚಿತ್ರ ತಗೊಳ್ಳಲಿ. ಇದನ್ನೇ ಯಾಕೆ ಬೇಕು?"

"ಸೇತುವೆ ಚಂದ ಉಂಟಲ್ಲ, ಅದಕ್ಕೆ."

"ಆ ಸೇತುವೆ ಇವರು ಕಟ್ಟಿದ್ದು ಸರ್."

ಅವರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. "ನಾವೆಂತ ಮ್ಯೂಸಿಯಮ್ಮಾ? ಹೋದ ತಿಂಗಳು ಹೋಟೆಲಿನ ಚಿತ್ರದಲ್ಲಿ ಕರೆಂಟಿನ ವಯರ್ ತೆಗೆದ್ರಿ, ಏನೂ ಹೇಳ್ಲಿಲ್ಲ. ಅದಕ್ಕಿಂತ ಮೊದ್ಲು ಸಮುದ್ರದ ಬದಿಯ ಕಸ ತೆಗೆದ್ರಿ. ಇದೂ ಹಾಗೇ ಅಂತ ತಿಳ್ಕೊಳ್ಳಿ. ಯಲ್ಲಾ, ಬೇಗ ಶುರು ಮಾಡಿ, ಗುರುವಾರ ಫೈಲ್ ಹೋಗ್ಬೇಕು."

ವಯರು, ಕಸ, ಜನ. ಒಂದೇ ಉಸಿರಿನಲ್ಲಿ ಹೇಳಿದರು, ಹೇಳಿದ್ದು ಏನೆಂದು ಅವರಿಗೇ ತಿಳಿಯಲಿಲ್ಲ. ನಾನು ಬಂದು ನನ್ನ ಜಾಗದಲ್ಲಿ ಕೂತೆ.

ಅಮ್ಮನ ವಿಷಯ ಇಲ್ಲಿ ಹೇಳಬೇಕು. ನಮ್ಮೂರಿನ ಹೊಳೆಯ ದಂಡೆಯಲ್ಲಿದ್ದ ಹೆಂಚಿನ ಕಾರ್ಖಾನೆಯಲ್ಲಿ ಅಮ್ಮ ಇಪ್ಪತ್ತೆರಡು ವರ್ಷ ಮಣ್ಣು ಹೊತ್ತಳು. ದೋಣಿಯಲ್ಲಿ ಬಂದ ಜೇಡಿಮಣ್ಣನ್ನು ಬುಟ್ಟಿಯಲ್ಲಿ ತಲೆಯ ಮೇಲೆ ಹೊತ್ತು ಒಳಗೆ ತಂದು ಹಾಕುವುದು. ನಾನು ಪಿಯುಸಿ ಮುಗಿಸಿ, ಮಂಗಳೂರಿನ ಪ್ರೆಸ್ಸೊಂದರಲ್ಲಿ ಡಿಟಿಪಿ ಕೆಲಸಕ್ಕೆ ಸೇರಿದ ಮೇಲೆ ಬಿಟ್ಟಳು. ಅವಳ ನೆತ್ತಿಯಲ್ಲಿ, ಸಿಂಬೆ ಕೂರುತ್ತಿದ್ದ ಕಡೆ, ಕೂದಲಿಲ್ಲ. ಹಪ್ಪಳದಷ್ಟು ಅಗಲ ಬೋಳು. ಆ ಜಾಗದ ಮೇಲಿಂದ ಕೂದಲು ಎಳೆದು, ಹಿಂದೆ ಬಿಗಿಯಾಗಿ ಗಂಟು ಹಾಕಿ, ನಾಲ್ಕು ಪಿನ್ನು ಚುಚ್ಚಿಕೊಳ್ಳುತ್ತಾಳೆ. ಎಣ್ಣೆ ಹಚ್ಚುವಾಗ ಬಾಗಿಲು ಹಾಕಿಕೊಳ್ಳುತ್ತಾಳೆ. ನನ್ನ ಮಗಳಿಗೆ ಕೂಡ ಈ ವಿಷಯ ಆಗ ಗೊತ್ತಿರಲಿಲ್ಲ.

ಆ ಸಂಜೆ ಘಾಟಿಯ ಚಿತ್ರದ ಒಂದು ಸಣ್ಣ ಪ್ರೂಫನ್ನು ಮನೆಗೆ ತಂದು ಊಟದ ಮೇಜಿನ ಮೇಲೆ ಹರಡಿದೆ. ಮಗಳು ಮೊಬೈಲಿನಿಂದ ತಲೆಯೆತ್ತಿ ನೋಡಿದಳು. ಇಂಥ ಚಿತ್ರಗಳ ಬಗ್ಗೆ ಅವಳಿಗೆ ಶಾಲೆಯಲ್ಲಿ ಪಾಠವಾಗಿತ್ತು.

"ಅಮ್ಮಾ, ದಿಸ್ ಈಸ್ ಪ್ರಾಪಗ್ಯಾಂಡಾ," ಎಂದಳು. ಕ್ಲೀನ್ ಮಾಡಲು ಹೇಳಿದ್ದಾರೆ ಎಂದಾಗ ಅವಳ ಮುಖ ಕೆಂಪಾಯಿತು. "ಯು ಕಾಂಟ್ ಡೂ ದಟ್! ಇಟ್ಸ್ ಹಿಸ್ಟರಿ."

"ನನಗೆ ಅದು ಜಾಬ್ ನಂಬರ್," ಎಂದು ಅವಳ ಮೇಲೆಯೇ ರೇಗಿದೆ. ಅವಳು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ರೇಗಿದ್ದು.

ಅಮ್ಮ ಕನ್ನಡಕ ಹಾಕಿಕೊಂಡು ಕಾಗದವನ್ನು ಬಲ್ಬಿನ ಕೆಳಗೆ ಹಿಡಿದಳು. ಅಮ್ಮ ಮಾತಾಡುವುದು ತುಳುವಿನಲ್ಲಿ. ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇದನ್ನು ಬರೆದವ ಹೊರೆ ಹೊತ್ತವನಲ್ಲ," ಎಂದಳು. "ತಲೆ ಮೇಲೆ ಬುಟ್ಟಿ ಇದ್ದವಳು ಹೀಗೆ ಕತ್ತು ಮಾತ್ರ ತಿರುಗಿಸ್ಲಿಕ್ಕೆ ಉಂಟಾ? ಸೊಂಟದಿಂದ ಇಡೀ ಮೈ ತಿರುಗ್ಬೇಕು. ಇವಳು ಇನ್ನೆರಡು ಹೆಜ್ಜೆ ಇಟ್ರೆ ಬುಟ್ಟಿ ಕೆಳಗೆ."

"ಇವರನ್ನೆಲ್ಲ ತೆಗೀಲಿಕ್ಕೆ ಹೇಳಿದ್ದಾರೆ ಅಮ್ಮ."

"ತೆಗಿ."

"ಅಷ್ಟು ಸುಲಭಾನಾ?"

"ಮತ್ತೆಂತ? ಕೆಲಸದ ಹರಕು ಬಟ್ಟೆ, ಮೈಯೆಲ್ಲ ಮಣ್ಣು. ಅದನ್ನು ದೊಡ್ಡವರ ಗೋಡೆ ಮೇಲೆ ಹಾಕಿ ಯಾರು ನೋಡ್ಬೇಕು? ಅಲ್ಲಿ ನಾನಿದ್ರೆ, ತೆಗೀರಿ ಅಂತ ನಾನೇ ಹೇಳ್ತಿದ್ದೆ." ಕಾಗದ ಮಡಚಿ ನನ್ನ ಕೈಗೆ ಕೊಟ್ಟು, ಒಗ್ಗರಣೆಗೆ ಎದ್ದು ಹೋದಳು.

ಅಮ್ಮ ಹಾಗೆ ಅಂದದ್ದು ನನ್ನನ್ನು ಇನ್ನಷ್ಟು ಕೆರಳಿಸಿತು. ಅವಳು ನನ್ನ ಪಕ್ಷದಲ್ಲಿರಬೇಕಿತ್ತು ಎಂದು ನನಗೆ ಅನಿಸಿತ್ತು.

ಭಾನುವಾರದ ರಜೆ ಬಿಟ್ಟು ಮಧ್ಯಾಹ್ನವೇ ಕೂತು ಅಳಿಸಲು ಶುರು ಮಾಡಿದೆ. ಮೊದಲು ಎಣಿಸಿದೆ. ಮೂವತ್ತೊಂದು. ಅಳಿಸುವುದು ಎಂದರೆ ಒರೆಸಿ ಹಾಕುವುದಲ್ಲ. ಒಬ್ಬನನ್ನು ತೆಗೆದರೆ ಅವನ ಹಿಂದೆ ಏನಿತ್ತೋ ಅದನ್ನು ಹೊಸದಾಗಿ ಹುಟ್ಟಿಸಬೇಕು. ಪಕ್ಕದ ಬಂಡೆಯಿಂದ ಒಂದು ಚೂರು ತಂದು, ಚುಕ್ಕೆಗೆ ಚುಕ್ಕೆ ಸೇರಿಸಿ, ಕಲ್ಲಚ್ಚಿನ ಕೈಯಂತೆಯೇ ಕಾಣುವಂತೆ ನೇಯಬೇಕು. ಮುದುಕ ಮಲಗಿದ್ದ ಬಂಡೆಯ ಮೇಲೆ ಪಾಚಿ ಬೆಳೆಸಿದೆ. ಕಲ್ಲು ಹೊರುವವರ ಸಾಲಿದ್ದ ಕಡೆ ಕುರುಚಲು ಗಿಡ ನೆಟ್ಟೆ. ಹಲ್ಲು ಕಚ್ಚಿಕೊಂಡು ಮಾಡಿದೆ, ಆದರೆ ಕೈ ಕೆಲಸ ಕೆಡಿಸಲಿಲ್ಲ. ಬೇಕೆಂದೇ ಕೆಟ್ಟದಾಗಿ ಮಾಡಬಹುದಿತ್ತು, ಮಾಡಲು ಬರಲಿಲ್ಲ. ಇಷ್ಟು ವರ್ಷದ ಅಭ್ಯಾಸ ನನ್ನನ್ನು ಅಲ್ಲಿಗೆ ತಂದು ನಿಲ್ಲಿಸಿತ್ತು.

ಬುಟ್ಟಿಯವಳನ್ನು ಕೊನೆಗೆ ಉಳಿಸಿಕೊಂಡಿದ್ದೆ. ಬುಧವಾರ ಸಂಜೆಯ ಹೊತ್ತಿಗೆ ಅವಳೊಬ್ಬಳೇ ಉಳಿದಳು, ಇಡೀ ಕಣಿವೆಯಲ್ಲಿ. ದೊಡ್ಡದು ಮಾಡಿದಾಗ ಅವಳ ಮುಖ ಪರದೆಯ ತುಂಬ ಬಂತು. ಕಣ್ಣೆಂದರೆ ಎರಡು ಕಂದು ಚುಕ್ಕೆ, ಬಾಯೆಂದರೆ ಅರ್ಧ ಗೆರೆ. ಅಷ್ಟರಲ್ಲೇ ಬರೆದವನು ಅವಳ ಸುಸ್ತನ್ನು ಹಿಡಿದಿದ್ದ. ಮ್ಯಾನೇಜರ್ ಹಿಂದಿನಿಂದ ಬಂದು ನೋಡಿ, "ಆಯ್ತಲ್ಲ, ಇನ್ನೊಂದೇ," ಎಂದರು. ನಾನು ತಿರುಗಿ ನೋಡಲಿಲ್ಲ. ಮೊದಲು ಬುಟ್ಟಿ ತೆಗೆದೆ, ಆಮೇಲೆ ತಲೆ, ಆಮೇಲೆ ಕಾಲು. ಅವಳ ಜಾಗದಲ್ಲಿ ಒಂದು ತೊರೆ ಹರಿಸಿದೆ. ಆಫೀಸಿನಲ್ಲಿ ಎಲ್ಲರೂ ಆ ತೊರೆಯನ್ನು ಹೊಗಳಿದರು.

ತಿಂಗಳ ನಂತರ ಚಿತ್ರಗಳನ್ನು ಗೋಡೆಗೆ ಕೂರಿಸಿದ ಮೇಲೆ, ಅಲ್ಲಿಯ ದೀಪಗಳ ಕೆಳಗೆ ಬಣ್ಣ ಹೇಗೆ ಕಾಣುತ್ತದೆ ಎಂದು ನೋಡಿ ಬರಲು ನನ್ನನ್ನು ಅಬುಧಾಬಿಗೆ ಕಳುಹಿಸಿದರು. ಶುಕ್ರವಾರವಾಗಿತ್ತು. ವಾಪಸು ಬರುವಾಗ ಗಂಡನ ಜೊತೆ ಅವರ ಕಾರಿನಲ್ಲೇ ಬರುವುದೆಂದು ಮಾತಾಗಿತ್ತು. ನಾನು ಓಣಿಯಲ್ಲಿ ಬಣ್ಣ ಹೋಲಿಸುವ ಚೀಟಿ ಹಿಡಿದು ಚಿತ್ರದಿಂದ ಚಿತ್ರಕ್ಕೆ ಹೋಗುತ್ತಿದ್ದಾಗ ಲಿಫ್ಟಿನಿಂದ ಐದಾರು ಜನ ಇಳಿದರು. ಮುಂದೆ ಆ ಕಂಪನಿಯ ಒಬ್ಬ ಹಿರಿಯ ಅಧಿಕಾರಿ, ಪಕ್ಕದಲ್ಲಿ ಸಲಹೆಗಾರ್ತಿ, ಹಿಂದೆ ಅತಿಥಿಗಳು. ನಾನು ಗೋಡೆಗೆ ಒತ್ತಿ ನಿಂತೆ. ಅವರು ನನ್ನನ್ನು ನೋಡಲಿಲ್ಲ.

ಘಾಟಿಯ ಚಿತ್ರದ ಮುಂದೆ ಎಲ್ಲರೂ ನಿಂತರು. ಅತಿಥಿಯೊಬ್ಬರು ಎಷ್ಟು ಶಾಂತವಾಗಿದೆ ಎಂದರು. ಅಧಿಕಾರಿ ಇಂಗ್ಲಿಷಿನಲ್ಲಿ, "ಯೋಚಿಸಿ ನೋಡಿ. ಸುತ್ತ ಏನೂ ಇಲ್ಲ, ಯಾರೂ ಇಲ್ಲ, ಬರೀ ಕಾಡು. ಅಲ್ಲಿ ಇದನ್ನು ಎಬ್ಬಿಸಿದರು. ನಮ್ಮ ಕಂಪನಿಯ ಮನೋಭಾವವೇ ಇದು," ಎಂದರು. ಸಲಹೆಗಾರ್ತಿ ತಲೆಯಾಡಿಸಿ, "ಆ ತೊರೆ ನೋಡಿ," ಎಂದಳು.

ಅಲ್ಲಿಯವರೆಗೆ ನಾನು ಬಾಯಿ ಮುಚ್ಚಿಕೊಂಡೇ ಇದ್ದೆ. ತೊರೆ ಎಂದದ್ದೇ ತಡ, ತಡೆಯಲಾಗಲಿಲ್ಲ.

"ತೊರೆ ಇರಲಿಲ್ಲ," ಎಂದೆ. ನನ್ನ ಇಂಗ್ಲಿಷು ಅಷ್ಟೇನೂ ಚೆನ್ನಾಗಿಲ್ಲ, ಸಿಟ್ಟಿನಲ್ಲಿ ಇನ್ನೂ ಕೆಡುತ್ತದೆ. "ಅಲ್ಲಿ ಮೂವತ್ತೊಂದು ಜನ ಇದ್ದರು. ನಾನು ತೆಗೆದೆ. ಇವರು ತೆಗೆಯಲು ಹೇಳಿದರು."

ಎಲ್ಲರೂ ತಿರುಗಿದರು. ಸಲಹೆಗಾರ್ತಿ ನಕ್ಕಳು. "ಅದು ಬರೀ ಲೇಔಟಿನ ವಿಷಯ," ಎಂದು ಅತಿಥಿಗಳಿಗೆ ಹೇಳಿದಳು, ನನಗಲ್ಲ.

"ಲೇಔಟ್ ಅಲ್ಲ, ಹೆಂಗಸರು. ತಲೆಯ ಮೇಲೆ ಮಣ್ಣು ಹೊತ್ತವರು," ಎಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. "ನನ್ನ ಅಮ್ಮನೂ ಹಾಗೇ ಹೊತ್ತವಳು, ಇಪ್ಪತ್ತೆರಡು ವರ್ಷ. ಅವಳ ತಲೆಯಲ್ಲಿ ಇಲ್ಲಿ," ನನ್ನ ನೆತ್ತಿಯನ್ನು ಮುಟ್ಟಿ ತೋರಿಸಿದೆ, "ಇಲ್ಲಿ ಕೂದಲಿಲ್ಲ."

ಅತಿಥಿಯೊಬ್ಬರು ನೆಲ ನೋಡಿದರು. ಅಧಿಕಾರಿ ತುಂಬ ಮೆದುವಾಗಿ, "ಥ್ಯಾಂಕ್ಯೂ ಫಾರ್ ಶೇರಿಂಗ್," ಎಂದು ಹೇಳಿ ಎಲ್ಲರನ್ನೂ ಮುಂದಿನ ಚಿತ್ರಕ್ಕೆ ಕರೆದುಕೊಂಡು ಹೋದರು. ಮುಂದಿನದು ಕಾಡೆಮ್ಮೆಗಳ ಚಿತ್ರ, ಗರಿ ಕಟ್ಟಿದವರು ಅದರಲ್ಲೂ ಈಗ ಇರಲಿಲ್ಲ. ಅವರು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅಮ್ಮನ ನೆತ್ತಿಯನ್ನು ತೆಗೆದು ಅವರ ಮುಂದೆ ಇಟ್ಟಿದ್ದೆ, ಅವರು ಥ್ಯಾಂಕ್ಯೂ ಎಂದು ದಾಟಿಕೊಂಡು ಹೋದರು.

ಕಾರಿನಲ್ಲಿ ಗಂಡನಿಗೆ ಎಲ್ಲ ಹೇಳಿದೆ. ಅವರು ರಸ್ತೆಯಿಂದ ಕಣ್ಣು ತೆಗೆಯದೆ, "ಬಾಯಿ ಮುಚ್ಕೊಂಡು ಇರ್ಲಿಕ್ಕೆ ಆಗ್ಲಿಲ್ವಾ ನಿಂಗೆ?" ಎಂದರು. ಮತ್ತೆ ಸ್ವಲ್ಪ ದೂರ ಹೋದ ಮೇಲೆ, "ಅಮ್ಮನಿಗೆ ಹೇಳ್ಬೇಡ," ಎಂದರು.

ಹೇಳುತ್ತಿರಲಿಲ್ಲವೇನೋ. ಆದರೆ ನಾವು ಮನೆಗೆ ಬರುವಷ್ಟರಲ್ಲಿ ಮ್ಯಾನೇಜರ್ ಎರಡು ಸಲ ಫೋನ್ ಮಾಡಿದ್ದರು, ಮೂರನೆಯ ಕರೆ ಮನೆಯೊಳಗೆ ಕಾಲಿಟ್ಟಾಗ ಬಂತು. ನಾನು ಹಾಲ್‌ನಲ್ಲಿ ನಿಂತು ಗಟ್ಟಿಯಾಗಿ ವಾದ ಮಾಡಿದೆ. "ಹೌದು ಸರ್, ಅಮ್ಮನ ವಿಷಯ ಹೇಳಿದ್ದು ನಿಜ," ಎಂದೆ. ಅಡುಗೆಮನೆಯ ಬಾಗಿಲಿನಲ್ಲಿ ಅಮ್ಮ ನಿಂತಿದ್ದಳು.

"ನನ್ನ ಯಾವ ವಿಷಯ?" ಎಂದು ಕೇಳಿದಳು, ನಾನು ಫೋನ್ ಇಟ್ಟ ಕೂಡಲೇ.

ಹೇಳಿದೆ. ಮಣ್ಣು ಹೊತ್ತದ್ದು ಹೇಳಿದೆ ಎಂದಾಗ ಸೆರಗಿಗೆ ಕೈ ಒರೆಸಿಕೊಂಡಳು. ತಲೆಯ ವಿಷಯ ಬಂದಾಗ ಅವಳ ಕೈ ತಾನಾಗಿ ಗಂಟಿನ ಮೇಲೆ ಹೋಯಿತು.

"ತೋರಿಸಿ ಹೇಳಿದ್ಯಾ?"

"ನನ್ನ ತಲೆ ಮುಟ್ಟಿ ತೋರಿಸಿದೆ."

"ಗಂಡಸರು ಇದ್ರಾ?"

"ಇದ್ರು."

ಅಮ್ಮ ಬೈದಳು. ನನ್ನ ನೆನಪಿನಲ್ಲಿ ಅವಳು ನನ್ನನ್ನು ಹಾಗೆ ಬೈದದ್ದು ಅದೊಂದೇ ಸಲ. "ನಿನಗೆ ಜಗಳ ಮಾಡ್ಲಿಕ್ಕೆ ಇದ್ರೆ ನಿನ್ನ ಬಾಯಿಂದ ಮಾಡು. ನನ್ನ ತಲೆ ಬಿಚ್ಚಿ ಯಾಕೆ ಮಾಡಿದ್ದು? ನಿನ್ನ ಅಪ್ಪ ಸಾಯುವವರೆಗೆ ಅವರ ಎದುರು ಕೂಡ ನಾನು ಕೂದಲು ಬಿಚ್ಚಿದವಳಲ್ಲ. ನೀನು ಹೋಗಿ ಊರು ಪರವೂರಿನ ಜನರಿಗೆ ತೋರಿಸಿ ಬಂದೆ. ಅವರು ನನ್ನಂಥವರನ್ನು ಚಿತ್ರದಿಂದ ತೆಗೆದ್ರು ಅಂತ ನಿನಗೆ ಸಿಟ್ಟು. ನೀನು ಮಾಡಿದ್ದೆಂತ?"

ಮಗಳು ಅಜ್ಜಿಯನ್ನೂ ನನ್ನನ್ನೂ ನೋಡುತ್ತ ನಿಂತಿದ್ದಳು. ಅವಳಿಗೆ ಗೊತ್ತಿರದಿದ್ದ ಆ ಒಂದು ವಿಷಯ ಹಾಗೆ ಗೊತ್ತಾಯಿತು.

ಎರಡು ದಿನ ಅಮ್ಮ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಸಂಜೆ ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತಿದ್ದಾಗ ತಾನಾಗಿಯೇ ಶುರು ಮಾಡಿದಳು.

"ಒಮ್ಮೆ ಕಾರ್ಖಾನೆಗೆ ಹೊಸ ಮಿಷನ್ ಬಂದಿತ್ತು. ಫೋಟೋ ತೆಗೀಲಿಕ್ಕೆ ಮಂಗ್ಳೂರಿಂದ ಜನ ಬಂದಿದ್ರು. ಧಣಿಗಳು ಹೂಮಾಲೆ ಹಾಕಿ ಮಿಷನ್ನಿನ ಪಕ್ಕ ನಿಂತ್ರು. ನಾವು ಹೆಂಗಸರು ಆಚೀಚೆ ಬುಟ್ಟಿ ಹೊತ್ತು ಹೋಗ್ತಾ ಇದ್ದೆವಲ್ಲ, ಫೋಟೋದಲ್ಲಿ ಬರ್ತದೆ ಅಂತ ಮೇಸ್ತ್ರಿ ನಮ್ಮನ್ನೆಲ್ಲ ಹಿಂದೆ ಕಳಿಸಿದ. ಶೆಡ್ಡಿನ ಹಿಂದೆ ಹಲಸಿನ ಮರ ಇತ್ತು. ಅದರ ನೆರಳಲ್ಲಿ ಒಂದು ಗಂಟೆ ಕೂತೆವು. ಯಾರೋ ಎಲೆಯಡಿಕೆ ತೆಗೆದ್ರು. ಒಬ್ಬಳು ನಿದ್ದೆ ಮಾಡಿದ್ಳು. ನಾವು ಎಷ್ಟು ನಗಾಡಿದೆವು ಅಂತ ಗೊತ್ತುಂಟಾ ನಿಂಗೆ? ಇನ್ನೂ ನಾಲ್ಕು ಫೋಟೋ ತೆಗೀಲಿ ಅಂತ ನಾನು ದೇವರಿಗೆ ಹೇಳಿದ್ದೆ."

"ನಿಮ್ಮನ್ನು ಹಿಂದೆ ಕಳಿಸಿದ್ದಕ್ಕೆ ಸಿಟ್ಟು ಬರ್ಲಿಲ್ವಾ?"

"ಸಿಟ್ಟು ಯಾಕೆ? ನನಗೆ ಬೇಕಾದ್ದು ಕೂತ್ಕೊಳ್ಳುವ ಒಂದು ಗಂಟೆ."

ಬಟ್ಟೆ ಮಡಚುತ್ತ ಮಡಚುತ್ತ ನಕ್ಕಳು. ಅವಳ ಸಿಟ್ಟು ಇಳಿದಿತ್ತು. ನನ್ನದು ಅಲ್ಲೇ ಹೊಸದಾಗಿ ಏರಿತು. ಇಪ್ಪತ್ತೆರಡು ವರ್ಷದಲ್ಲಿ ನೆನಪಿಟ್ಟುಕೊಳ್ಳಲು ಸಿಕ್ಕಿದ್ದು ಒಂದು ಗಂಟೆ, ಅದೂ ಫೋಟೋ ಕೆಡದಿರಲಿ ಎಂದು ಮೇಸ್ತ್ರಿ ಕೊಟ್ಟದ್ದು. ಅದಕ್ಕೆ ಅವಳು ಇವತ್ತಿಗೂ ಖುಷಿಪಡುತ್ತಾಳೆ ಎನ್ನುವುದನ್ನು ನನಗೆ ನುಂಗಿಕೊಳ್ಳಲಾಗಲಿಲ್ಲ. ಆದರೆ ಅದನ್ನು ಅವಳಿಗೆ ಹೇಳಲಿಲ್ಲ. ಆ ಖುಷಿ ಅವಳದ್ದು. ಅದನ್ನು ಕೂಡ ನನ್ನ ಜಗಳಕ್ಕೆ ಎಳೆದು ತರುವ ಹಕ್ಕು ನನಗಿರಲಿಲ್ಲ.

ವೀಸಾ ಮುಗಿದು ಅಮ್ಮ ಊರಿಗೆ, ನನ್ನ ತಮ್ಮನ ಮನೆಗೆ ಹೊರಟಳು. ಏರ್‌ಪೋರ್ಟಿನಲ್ಲಿ, "ಇನ್ನು ನನ್ನ ವಿಷಯ ಯಾರಿಗಾದ್ರೂ ಹೇಳುವುದಿದ್ರೆ ಮೊದ್ಲು ನನ್ನ ಹತ್ರ ಕೇಳು," ಎಂದಳು. ಇದನ್ನು ಯಾರಿಗೂ ಕೊಡುವ ಮೊದಲು ಫೋನ್ ಮಾಡಿ ಕೇಳಿದೆ. ಓದಿಸಿಕೊಂಡು, ತಲೆಯ ಮಾತನ್ನು ಇನ್ನೊಮ್ಮೆ ಓದಿಸಿ, "ಹೆಸರು ಹಾಕ್ಬೇಡ. ಯಾರದ್ದೂ ಹಾಕ್ಬೇಡ," ಎಂದಳು. ಹಾಕಿಲ್ಲ.

ಕಂಪನಿಯಲ್ಲಿ ನನಗೆ ಒಂದು ವಾರ್ನಿಂಗ್ ಲೆಟರ್ ಬಂತು. ಕ್ಲೈಂಟಿನ ಆವರಣದಲ್ಲಿ ಅನುಚಿತ ವರ್ತನೆ ಎಂದು ಬರೆದಿತ್ತು. ಅದನ್ನು ಕೊಡುವಾಗ ಮ್ಯಾನೇಜರ್ ನನ್ನ ಮುಖ ನೋಡಲಿಲ್ಲ. "ನಾನೆಂತ ಮಾಡ್ಲಿ ಹೇಳಿ. ನಂಗೂ ಮೇಲೆ ಜನ ಉಂಟು," ಎಂದರು. ಸಹಿ ಹಾಕಿದೆ. ಹಾಕುವ ಜಾಗದ ಮೇಲೆ, ಮೂವತ್ತೊಂದು ಜನ ಇದ್ದದ್ದು ನಿಜ, ಎಂದು ಇಂಗ್ಲಿಷಿನಲ್ಲಿ ಬರೆದೆ. ಅವರು ಆ ಲೆಟರನ್ನು ಹರಿದು ಹಾಕಿ ಬೇರೆ ಪ್ರಿಂಟ್ ತೆಗೆದರು. ಎರಡನೆಯದಕ್ಕೆ ಬರೀ ಸಹಿ ಹಾಕಿದೆ. ಅಷ್ಟು ಹೊತ್ತಿಗೆ ಬಸ್ಸಿನ ಸಮಯವಾಗಿತ್ತು.

ಎರಡು ತಿಂಗಳ ಮೇಲೆ ಅದೇ ಕ್ಲೈಂಟಿನಿಂದ ಇನ್ನೊಂದು ಮಹಡಿಗೆ ಇನ್ನೊಂದು ಹನ್ನೆರಡು ಚಿತ್ರಗಳ ಕೆಲಸ ಬಂತು. ನನ್ನ ಕೈಕೆಲಸವನ್ನು ಅವರು ಬಹಳ ಮೆಚ್ಚಿದ್ದರಂತೆ. ನಾನು ಬಣ್ಣ ಸರಿ ಮಾಡಿಕೊಡುತ್ತೇನೆ, ಜನರನ್ನು ತೆಗೆಯುವುದಿಲ್ಲ ಎಂದೆ. ಮ್ಯಾನೇಜರ್ ವಾದ ಮಾಡಲಿಲ್ಲ. ನನ್ನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತು, ಹೊಸ ಸಾಫ್ಟ್‌ವೇರ್ ತೆರೆದು, ಒಂದು ಬಂದರಿನ ಚಿತ್ರದಲ್ಲಿ ಮೂಟೆ ಹೊರುವವರ ಸುತ್ತ ಮೌಸಿನಿಂದ ಒಂದು ಗೆರೆ ಎಳೆದು, ಗುಂಡಿ ಒತ್ತಿದರು. ನಾನು ನಾಲ್ಕು ದಿನ ಮಾಡಿದ್ದು ಕಣ್ಣು ಮಿಟುಕಿಸುವುದರಲ್ಲಿ ಆಯಿತು.

"ನೋಡಿ, ನೀವು ಬೇಡ ಅಂದ್ರೂ ನಿಲ್ಲುದಿಲ್ಲ ಇದು," ಎಂದರು. ಹೆದರಿಸಲು ಹೇಳಿದ್ದಲ್ಲ, ನನ್ನ ಮೇಲಿನ ಕನಿಕರದಿಂದಲೇ ಹೇಳಿದ್ದು.

"ನಿಲ್ಲದಿರಲಿ ಸರ್. ನನ್ನ ಕೈಯಿಂದ ಬೇಡ."

ಆ ಮೇಲೆ ನನ್ನನ್ನು ದೊಡ್ಡ ಚಿತ್ರಗಳ ವಿಭಾಗದಿಂದ ತೆಗೆದು ಸೂಪರ್ ಮಾರ್ಕೆಟ್ಟುಗಳ ಆಫರ್ ಕರಪತ್ರಕ್ಕೆ ಹಾಕಿದರು. ಟೊಮೆಟೊಗೆ ಕೆಂಪು ಏರಿಸುವುದು, ಕೋಳಿಯ ಕಾಲಿನಿಂದ ನೀಲಿ ಛಾಯೆ ತೆಗೆಯುವುದು, ಸೋಪಿನ ಪ್ಯಾಕೆಟ್ಟಿಗೆ ಹೊಳಪು ಕೊಡುವುದು. ಸುಲಭದ ಕೆಲಸ. ಇದನ್ನೂ ಚೆನ್ನಾಗಿಯೇ ಮಾಡುತ್ತೇನೆ. ಸಿಟ್ಟು ಇಳಿಯಿತಾ ಎಂದು ಗಂಡ ಆಗೊಮ್ಮೆ ಈಗೊಮ್ಮೆ ಕೇಳುತ್ತಾರೆ. ಇಲ್ಲ ಎನ್ನುತ್ತೇನೆ. ಇಳಿಯಬೇಕೆಂದು ನನಗೆ ಅನಿಸಿಯೂ ಇಲ್ಲ.